ಹದಿನೈದನೆಯ ಗೋಲು

ನಮ್ಮ ಬೀದಿಯಲ್ಲಿ ನನಗೆ ಹೆಸರಿಲ್ಲ. ಹದಿನಾಲ್ಕು ಅಂತ ಕರೆಯುತ್ತಾರೆ.

"ಏ ಹದಿನಾಲ್ಕು, ನಿಮ್ಮನೆ ಕೊಡ ತುಂಬಿ ಹರೀತಿದೆ ನೋಡೇ." "ಹದಿನಾಲ್ಕಕ್ಕೆ ಒಂದು ಟೀ ಕೊಡಪ್ಪ, ಸಕ್ಕರೆ ಕಮ್ಮಿ." ಹೀಗೆ ಕರೆಯುವವರಲ್ಲಿ ಅರ್ಧ ಜನಕ್ಕೆ ಯಾಕೆ ಕರೆಯುತ್ತಿದ್ದೇವೆ ಅಂತಲೇ ಗೊತ್ತಿಲ್ಲ. ಗೊತ್ತಿದ್ದವರು ಕರೆದು ನಗುತ್ತಾರೆ. ಮೊದಮೊದಲು ಅಳುತ್ತಿದ್ದೆ. ಆಮೇಲೆ ಜಗಳಕ್ಕೆ ಹೋಗುತ್ತಿದ್ದೆ. ಆಮೇಲೆ ತಿರುಗಿ ನೋಡುವುದು ಅಭ್ಯಾಸವಾಗಿಹೋಯಿತು.

ಹದಿನಾಲ್ಕು ಅಂದರೆ ನಾನು ಬಿಟ್ಟ ಗೋಲುಗಳು. ಒಂದೇ ಮ್ಯಾಚಿನಲ್ಲಿ. ಹದಿನೇಳು ವರ್ಷದೊಳಗಿನ ಹುಡುಗಿಯರ ಅಂತರರಾಷ್ಟ್ರೀಯ ಫುಟ್‌ಬಾಲ್ ಕಪ್ಪಿನಲ್ಲಿ. ಆ ಕಪ್ಪಿನಲ್ಲಿ ಅದಕ್ಕಿಂತ ದೊಡ್ಡ ಸೋಲು ಇನ್ನೂ ಆಗಿಲ್ಲ. ಕಪ್ಪು ಬಂದಾಗಲೆಲ್ಲ ಟಿವಿಯವರು ದಾಖಲೆಗಳ ಕಾರ್ಯಕ್ರಮ ಹಾಕುತ್ತಾರೆ. ಅತಿ ಹೆಚ್ಚು ಸಲ ಕಪ್ಪು ಎತ್ತಿದ ದೇಶ ಯಾವುದು, ಅತಿ ಹೆಚ್ಚು ಗೋಲು ಹೊಡೆದ ಹುಡುಗಿ ಯಾರು, ಅತಿ ಚಿಕ್ಕ ವಯಸ್ಸಿಗೆ ಆಡಿದವಳು ಯಾರು, ಸೀಟಿ ಊದಿದ ಕೂಡಲೇ ಗೋಲು ಹೊಡೆದವಳು ಯಾರು. ಕೊನೆಯಲ್ಲಿ ಅತಿ ದೊಡ್ಡ ಗೆಲುವು. ಹದಿನಾಲ್ಕು–ಸೊನ್ನೆ. ಆಗ ನಾನು ಬರುತ್ತೇನೆ. ನೈಟಿಯಷ್ಟು ಉದ್ದದ ಜರ್ಸಿ ತೊಟ್ಟ ಹುಡುಗಿಯೊಬ್ಬಳು ಬಲೆಯೊಳಗೆ ಬಗ್ಗಿ ಚೆಂಡು ತೆಗೆಯುತ್ತಾಳೆ. ಹಿಂದಿನಿಂದ ತೋರಿಸುತ್ತಾರೆ. ಅವಳ ಮುಖ ಈವರೆಗೆ ಯಾವ ಟಿವಿಯಲ್ಲೂ ಬಂದಿಲ್ಲ.

ಹುಡುಗರ ಕಪ್ಪಿಗೆ ಮೀಸೆ ಬಂದು, ಆ ಮೀಸೆ ನರೆಯುವ ಹೊತ್ತಿಗೆ ಹುಡುಗಿಯರ ಕಪ್ಪು ಹುಟ್ಟಿತು. ಮೊದಲು ದೊಡ್ಡ ಹುಡುಗಿಯರಿಗೆ ಕೊಟ್ಟರು. ಅದಾಗಿ ಎಷ್ಟೋ ವರ್ಷದ ಮೇಲೆ ನಮ್ಮ ವಯಸ್ಸಿನವರ ನೆನಪಾಯಿತು. ಹೊಸ ಕಪ್ಪು, ಒಂದು ತಂಡ ಕಳಿಸಿ ಅಂತ ನಮ್ಮ ದೇಶದ ಫುಟ್‌ಬಾಲ್ ಸಂಘಕ್ಕೂ ಕರೆ ಬಂತು. ತಂಡ ಎಲ್ಲಿತ್ತು? ಅನುಕೂಲಸ್ಥರು ತಮ್ಮ ಹೆಣ್ಣುಮಕ್ಕಳಿಗೆ ಚಡ್ಡಿ ಹಾಕಿಸಿ ಮೈದಾನಕ್ಕೆ ಕಳಿಸಲು ಒಪ್ಪಲಿಲ್ಲ. ಅದಕ್ಕೇ ನಮ್ಮಂಥವರನ್ನು ಹುಡುಕಿಕೊಂಡು ಬಂದರು. ಕ್ರೀಡಾಂಗಣದ ಹಿಂದಿನ ಗೋಡೆಗೆ ಅಂಟಿಕೊಂಡ ಬೀದಿ ನಮ್ಮದು. ಕಸ ಗುಡಿಸುವವರು, ಬಟ್ಟೆ ಒಗೆಯುವವರು, ಮೂಟೆ ಹೊರುವವರು. ಗೋಡೆ ಹಾರಿ ಹೊರಗೆ ಬಿದ್ದ ಚೆಂಡನ್ನು ಹಿಡಿದು ಒಳಕ್ಕೆ ಎಸೆಯುವುದು ನಮ್ಮ ಆಟ. ನಾನು ಒಂದನ್ನೂ ನೆಲಕ್ಕೆ ಬೀಳಲು ಬಿಡುತ್ತಿರಲಿಲ್ಲ. ಹಾಗೆ ಕೀಪರ್ ಆದೆ.

ವಿಮಾನದಲ್ಲಿ ಸಂಘದವರಿಗೆ ಇಷ್ಟು ಸೀಟು, ಆಟಗಾರರಿಗೆ ಇಷ್ಟು ಅಂತ ಇತ್ತು. ಆಗ ತಂಡದ ಮ್ಯಾನೇಜರ್ ಆಗಿದ್ದವನು ಈಗ ಸಂಘದ ಕಾರ್ಯದರ್ಶಿ. ಅವನು ಹೆಂಡತಿಯನ್ನು ಕರೆತಂದ. ಅವಳ ತಮ್ಮನನ್ನು ಡಾಕ್ಟರ್ ಅಂತ ಕರೆತಂದ. ಆ ಡಾಕ್ಟರಿಗೆ ಹಾಸಿಗೆ ದಿಂಬಿನ ಅಂಗಡಿ ಇತ್ತು. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಸೀಟು ಸಾಲಲಿಲ್ಲ. ನಮ್ಮ ಎರಡನೇ ಕೀಪರನ್ನು ಚೀಲದ ಸಮೇತ ಹಿಂದಕ್ಕೆ ಕಳಿಸಿದರು. ಗಾಜಿನ ಆಚೆ ನಿಂತು ಅವಳು ಅತ್ತದ್ದು ಕಂಡಿತು, ಕೇಳಿಸಲಿಲ್ಲ.

ಹುಡುಗರು ತೊಟ್ಟು ಬಿಟ್ಟ ಜರ್ಸಿ ಕೊಟ್ಟರು. ಬಿಳಿ ಚಡ್ಡಿ ಕೊಟ್ಟರು. ನಮ್ಮ ಬ್ಯಾಕ್ ಆಟಗಾರ್ತಿಗೆ ಮುಟ್ಟಾಗಿತ್ತು. ಬೇರೆ ಬಣ್ಣದ ಚಡ್ಡಿ ಇದ್ದರೆ ಕೊಡಿ ಸಾರ್ ಅಂತ ಬಾಯಿಬಿಟ್ಟು ಕೇಳಿದಳು. ಮ್ಯಾನೇಜರ್ ತನ್ನ ಹೆಂಡತಿಯ ಕಡೆ ತಿರುಗಿ ನಕ್ಕ. ಆ ಹುಡುಗಿ ಇಡೀ ಮ್ಯಾಚು ಕಾಲು ಜೋಡಿಸಿಕೊಂಡೇ ಓಡಿದಳು. ಕಾಲು ಜೋಡಿಸಿಕೊಂಡು ಯಾರನ್ನು ತಡೆಯಲಾಗುತ್ತದೆ?

ಎರಡನೇ ಗೋಲಿನ ಹೊತ್ತಿಗೆ ನನ್ನ ಎಡಗೈಯ ಉಂಗುರದ ಬೆರಳು ಮುರಿಯಿತು. ನನ್ನದೇ ಗೋಲಿನ ಕಂಬಕ್ಕೆ ಬಡಿಯಿತು. ಬೆಂಚಿನಲ್ಲಿ ಇನ್ನೊಬ್ಬ ಕೀಪರ್ ಇಲ್ಲ. ದಿಂಬಿನ ಡಾಕ್ಟರು ಬಂದು, ಬೆರಳು ನೋಡಿ, "ಏನಿಲ್ಲ, ಅಲ್ಲಾಡ್ಸು" ಅಂದರು. ಆ ಬ್ಯಾಕ್ ಆಟಗಾರ್ತಿ ತನ್ನ ಸಾಕ್ಸಿನ ತುದಿ ಹರಿದು ಪಕ್ಕದ ಬೆರಳಿಗೆ ಸೇರಿಸಿ ಕಟ್ಟಿದಳು. ಹಾಗೇ ಆಡಿದೆ. ಬಲಕ್ಕೆ ಬಿದ್ದೆ, ಎಡಕ್ಕೆ ಬಿದ್ದೆ. ಎದೆಯಲ್ಲಿ ತಡೆದೆ, ಮೊಣಕಾಲಲ್ಲಿ ತಡೆದೆ, ಒಂದನ್ನು ಮುಖದಲ್ಲಿ ತಡೆದೆ. ಹಲ್ಲಿನಿಂದ ರಕ್ತ ಬಂತು.

ಎಷ್ಟು ತಡೆದೆ? ಗೊತ್ತಿಲ್ಲ. ಯಾರೂ ಬರೆದಿಡಲಿಲ್ಲ. ಹೊಡೆದದ್ದನ್ನು ಬರೆದರು, ಹೊಡೆದವರ ಹೆಸರು ಬರೆದರು, ಯಾವ ನಿಮಿಷದಲ್ಲಿ ಅಂತ ಬರೆದರು. ಹಿಡಿದದ್ದಕ್ಕೆ ಅವರ ಕಾಗದದಲ್ಲಿ ಜಾಗವೇ ಇರಲಿಲ್ಲ. ನಾನೂ ಎಣಿಸಲಿಲ್ಲ. ಒಂದನ್ನು ಹಿಡಿದು ಮೇಲೆ ಏಳುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು.

ವಾಪಸ್ಸು ಬಂದಾಗ ಮ್ಯಾನೇಜರ್ ಪೇಪರಿನವರಿಗೆ ಹೇಳಿದ, "ನಮ್ಮ ತಂಡ ಚೆನ್ನಾಗೇ ಇತ್ತು. ಕೀಪರ್ ಕೈಕೊಟ್ಟಳು." ಅಷ್ಟೇ. ಆ ತಂಡವನ್ನು ಮತ್ತೆ ಯಾರೂ ಕರೆಯಲಿಲ್ಲ. ಮುರಿದ ಬೆರಳು ಮುರಿದ ಹಾಗೇ ಕೂಡಿಕೊಂಡು ಈಗಲೂ ಸೊಟ್ಟಗಿದೆ.

ಆಮೇಲೆ ನಮ್ಮ ಬೀದಿಯ ಗೋಡೆಯಾಚೆಯ ಅದೇ ಕ್ರೀಡಾಂಗಣದ ಲಾಂಡ್ರಿಗೆ ಸೇರಿದೆ. ಮೆಟ್ಟಿಲ ಕೆಳಗಿನ ಕೋಣೆ. ಕಿಟಕಿ ಇಲ್ಲ. ನಾಲ್ಕು ಮೆಷಿನ್ನು, ಎರಡು ಡ್ರೈಯರ್ರು, ಒಂದು ಕಲ್ಲು. ಮೇಲೆ ಜನ ಕುಣಿದರೆ ನಮ್ಮ ತಲೆ ಮೇಲೆ ಸುಣ್ಣ ಉದುರುತ್ತದೆ. ಸಾಕ್ಸುಗಳು ಒಳಹೊರಗಾಗಿ, ಗಟ್ಟಿ ಉಂಡೆಗಳಾಗಿ ಬರುತ್ತವೆ. ಒಂದೊಂದಾಗಿ ಕೈ ತೂರಿಸಿ ಬಿಡಿಸಬೇಕು. ಬ್ಲೀಚಿಗೆ ಕೈ ಸುಲಿದುಹೋಗುತ್ತದೆ. ಹುಡುಗಿಯರ ಮ್ಯಾಚಿದ್ದ ದಿನ ಕೆಲವು ಬಿಳಿ ಚಡ್ಡಿಗಳು ಮಡಿಸಿ ಮಡಿಸಿ, ಬೇರೆ ಬಟ್ಟೆಯ ಮಧ್ಯೆ ಬಚ್ಚಿಟ್ಟುಕೊಂಡು ಬರುತ್ತವೆ. ಅವನ್ನು ಮೆಷಿನ್ನಿಗೆ ಹಾಕುತ್ತಿರಲಿಲ್ಲ. ತಣ್ಣೀರಲ್ಲಿ ನಾನೇ ಉಜ್ಜುತ್ತಿದ್ದೆ. ಇಷ್ಟು ವರ್ಷವಾದರೂ ಚಡ್ಡಿ ಬಿಳಿಯೇ.

ಒಗೆಯುವವರಿಗೆ ಆಟ ಬೇರೆ ಥರ ಕಾಣುತ್ತದೆ. ಮ್ಯಾಚು ನೋಡಲು ನಮಗೆ ಬಿಡುವಿಲ್ಲ, ಬಟ್ಟೆ ನೋಡುತ್ತೇವೆ. ಬೆನ್ನಿಗೆ ಹುಲ್ಲು ಹತ್ತಿದವಳು ಏಟು ತಿಂದಿದ್ದಾಳೆ. ಕೊರಳಪಟ್ಟಿ ಹರಿದಿದ್ದರೆ ಯಾರೋ ಎಳೆದಿದ್ದಾರೆ. ಕೀಪರಿನ ಜರ್ಸಿ ನೋಡಿದರೆ ಅವಳು ಯಾವ ಕಡೆಗೆ ಬೀಳುತ್ತಾಳೆ, ಯಾವ ಕಡೆಗೆ ಬೀಳಲು ಹೆದರುತ್ತಾಳೆ ಅನ್ನುವುದು ತಿಳಿಯುತ್ತದೆ.

ಈ ಸಲ ಕಪ್ಪು ನಮ್ಮಲ್ಲಿಗೇ ಬಂತು. ಹದಿನೇಳು ವರ್ಷದೊಳಗಿನ ಹುಡುಗಿಯರದ್ದೇ. ನಮ್ಮ ತಂಡದ ಕೀಪರ್ ನನ್ನ ಅಣ್ಣನ ಮಗಳು. ಮಿಡತೆ ಅಂತ ಕರೆಯುತ್ತೇವೆ, ಹುಟ್ಟಿದಾಗಿನಿಂದ ಒಂದು ಕಡೆ ನಿಂತವಳಲ್ಲ. ನಾನು, ಅಣ್ಣ, ಅತ್ತಿಗೆ, ಅವಳು, ನಾಲ್ಕು ಜನಕ್ಕೆ ಒಂದೇ ಕೋಣೆ. ಆ ಕೋಣೆಯ ಗೋಡೆಗೆ ಚೆಂಡು ಹೊಡೆದು ಹೊಡೆದು ಅವಳಿಗೆ ಹಿಡಿಯುವುದನ್ನು ಕಲಿಸಿದವಳು ನಾನು. ಅತ್ತಿಗೆ ಬೈದದ್ದು ಅಷ್ಟಿಷ್ಟಲ್ಲ. "ನಿಂದೊಂದು ಆಯ್ತು, ಇನ್ನು ಇವಳದ್ದೂ ಆಗ್ಲಿ" ಅನ್ನುತ್ತಿದ್ದಳು.

ಉದ್ಘಾಟನೆಗೆ ಇನ್ನು ಕೆಲವೇ ದಿನ ಇರುವಾಗ ಕಾರ್ಯದರ್ಶಿ ಲಾಂಡ್ರಿಗೆ ಬಂದ. ಅವನು ಆ ಮೆಟ್ಟಿಲು ಇಳಿದದ್ದು ಅದೇ ಮೊದಲು. ಕರವಸ್ತ್ರ ಮೂಗಿಗೆ ಹಿಡಿದುಕೊಂಡಿದ್ದ.

"ಏನಮ್ಮಾ, ಚೆನ್ನಾಗಿದ್ದೀಯಾ? ಗುರುತು ಸಿಕ್ತಾ?"

"ಸಿಗದೆ ಏನು ಸಾರ್. ನಿಮ್ಮ ಹೆಂಡ್ತಿ ತಮ್ಮ, ಡಾಕ್ಟರು, ಚೆನ್ನಾಗಿದ್ದಾರಾ?"

ಇಸ್ತ್ರಿ ಹಾಕುತ್ತಿದ್ದ ಅಕ್ಕ ಕಿಸಕ್ಕನೆ ನಕ್ಕಳು. ನನಗಿಂತ ಹಿರಿಯಳು, ಲಾಂಡ್ರಿಯ ಹಬೆಯಲ್ಲಿ ಬೆಂದು ಗಟ್ಟಿಯಾದವಳು. ಕಾರ್ಯದರ್ಶಿಗೆ ಆ ನಗು ಕೇಳಿಸಲಿಲ್ಲವೋ, ಕೇಳಿಸಿದರೂ ಬಿಟ್ಟನೋ.

"ನಿನಗೊಂದು ಗೌರವ ಮಾಡೋಣ ಅಂತಿದ್ದೀವಿ. ಉದ್ಘಾಟನೆ ದಿನ ನಮ್ಮ ಸಂಘದ ಅಧ್ಯಕ್ಷರು ಮೊದಲ ಪೆನಾಲ್ಟಿ ಹೊಡೀತಾರೆ. ನೀನು ಗೋಲಲ್ಲಿ ನಿಲ್ಬೇಕು. ಅವರು ನಿನ್ನ ಎಡಕ್ಕೆ ಹೊಡೀತಾರೆ. ನೀನು ಬಲಕ್ಕೆ ಬೀಳು. ಚೆಂಡು ಒಳಗೆ ಹೋದ ತಕ್ಷಣ ಬಾಣಬಿರುಸು, ಬಣ್ಣದ ಹೊಗೆ. ಇಡೀ ಜಗತ್ತು ನೋಡುತ್ತೆ."

"ಗೌರವ ಅಂದ್ರೆ ಗೋಲು ಬಿಡೋದಾ ಸಾರ್?"

"ಅಯ್ಯೋ, ಅವರಿಗೆ ಅರವತ್ತು ದಾಟಿದೆ. ಒಂದು ಸಂತೋಷ. ನಿನಗೇನು ಕಷ್ಟ?" ಆಮೇಲೆ ಸುಮ್ಮನೆ ಮಾತಿಗೆ ಅನ್ನುವ ಹಾಗೆ ಸೇರಿಸಿದ, "ನಿಮ್ಮ ಹುಡುಗಿ ಚೆನ್ನಾಗಿ ಆಡ್ತಾಳೆ. ಎರಡನೇ ಕೀಪರೂ ಚೆನ್ನಾಗೇ ಆಡ್ತಾಳೆ ಅನ್ನು. ಯಾರನ್ನ ಇಳಿಸ್ಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ."

ಒಂದು ಕೈಯಲ್ಲಿ ಒದ್ದೆ ಸಾಕ್ಸು ಹಿಡಿದುಕೊಂಡು ನಿಂತಿದ್ದೆ. ಆಗಲಿ ಸಾರ್ ಅಂದೆ. ಅವನು ಮೇಲೆ ಹತ್ತಿ ಹೋದ.

"ಥೂ," ಅಂದಳು ಇಸ್ತ್ರಿ ಅಕ್ಕ. ನನಗೆ ಅಂದಳೋ ಅವನಿಗೆ ಅಂದಳೋ, ನಾನು ಕೇಳಲಿಲ್ಲ.

ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ ತಾಲೀಮಿಗೆ ಕರೆದರು. ಅಧ್ಯಕ್ಷರ ಬದಲು ಆಫೀಸಿನ ಗುಮಾಸ್ತನೊಬ್ಬ ಚೆಂಡಿಟ್ಟ. ಹೇಳಿದ ಹಾಗೆ ನನ್ನ ಎಡಕ್ಕೆ ಹೊಡೆದ. ನಾನು ಹೇಳಿದ ಹಾಗೆ ಬಲಕ್ಕೆ ಬಿದ್ದೆ. ಹದಿನೈದು ವರ್ಷದ ಮೇಲೆ ಹುಲ್ಲಿನ ಮೇಲೆ ಬಿದ್ದದ್ದು. ಹುಲ್ಲಿನ ವಾಸನೆಗೆ ಕಣ್ಣು ತುಂಬಿತು. ಬೇಕೆಂದೇ ತಪ್ಪು ಕಡೆ ಬಿದ್ದದ್ದಕ್ಕೆ ಮೈಯೆಲ್ಲ ಹೇಸಿಗೆಯೂ ಆಯಿತು. ಚೆಂಡು ಬಲೆಗೆ ಹೋಗಿ ಕೂತಿತು.

ಆಗ ದೊಡ್ಡ ಪರದೆ ಹೊತ್ತಿಕೊಂಡಿತು. ಮೊದಲು ನಾನು, ಹದಿನಾರು ವರ್ಷದವಳು, ಬಲೆಯೊಳಗೆ ಬಗ್ಗಿದ್ದೇನೆ. ಪಕ್ಕದಲ್ಲಿ ಮನೆಯಷ್ಟು ದೊಡ್ಡ ಅಂಕಿ, ೧೪. ಆಮೇಲೆ ಡೋಲು ಬಾರಿಸಿದ ಸದ್ದು. ನಾಲ್ಕು ಉರುಳಿ ಹೋಗಿ ಐದು ಬಂತು. ೧೫. ಅದರ ಸುತ್ತ ಹೊಟ್ಟೆ ಹಿಡಿದುಕೊಂಡು ನಗುವ ಗೊಂಬೆಗಳು.

ಪರದೆ ನೋಡಿಕೊಳ್ಳುವವನು ಅಲ್ಲೇ ಮೇಜಿನ ಹಿಂದೆ ಕೂತಿದ್ದ. ಏನಪ್ಪ ಇದು ಅಂದೆ. ಅವನು ತಲೆ ತಗ್ಗಿಸಿದ. ಕಾರ್ಯದರ್ಶಿ ಹತ್ತಿರ ಬಂದು ಭುಜ ತಟ್ಟಿದ.

"ತಮಾಷೆಗಮ್ಮ! ಹದಿನೈದನೇ ಗೋಲು. ಜಾಹೀರಾತಿನವರ ಐಡಿಯಾ. ಜನಕ್ಕೆ ಬಹಳ ಇಷ್ಟ ಆಗುತ್ತೆ. ನೀನೂ ಎದ್ದು ಸ್ವಲ್ಪ ನಕ್ಕುಬಿಡು. ಸ್ಪೋರ್ಟಿವ್ ಆಗಿ ತಗೋಬೇಕು."

ನಾನು ಮೆಟ್ಟಿಲಿಳಿದು ಲಾಂಡ್ರಿಗೆ ಬಂದೆ. ಬಾಗಿಲು ಹಾಕಿಕೊಂಡೆ. ಒಂದು ಬಕೆಟ್ಟನ್ನು ಒದ್ದೆ. ಅದು ಹೋಗಿ ಮೆಷಿನ್ನಿಗೆ ಬಡಿಯಿತು. ಇಸ್ತ್ರಿ ಅಕ್ಕ ತಲೆ ಎತ್ತಲಿಲ್ಲ. "ಇನ್ನೊಂದಿದೆ ಅಲ್ಲಿ, ಅದನ್ನೂ ಒದಿ" ಅಂದಳು. ಅದನ್ನೂ ಒದ್ದೆ.

ಸ್ವಲ್ಪ ಹೊತ್ತಿಗೆ ಮಿಡತೆ ಬಂದಳು. ಕೊನೆಯ ಅಭ್ಯಾಸ ಮುಗಿಸಿ, ಜರ್ಸಿ, ಗ್ಲೌಸು ಕೊಡಲು ಬಂದಿದ್ದಳು. ಅವಳ ಗ್ಲೌಸು ನಾನೇ ಕೈಯಲ್ಲಿ ತೊಳೆಯುತ್ತೇನೆ. ಡ್ರೈಯರಿಗೆ ಹಾಕಿದರೆ ಅಂಗೈಯ ರಬ್ಬರು ಬಿರುಕು ಬಿಟ್ಟು ಚೆಂಡು ಜಾರುತ್ತದೆ. ಜರ್ಸಿಯನ್ನು ಕಲ್ಲಿನ ಮೇಲೆ ಹರಡಿದೆ. ಬಲಗಡೆ ಹಸಿರು, ಮಣ್ಣು, ಭುಜದಿಂದ ಸೊಂಟದವರೆಗೆ. ಎಡಗಡೆ ಅಂಗಡಿಯಿಂದ ತಂದ ಹಾಗೆ ಶುಭ್ರ. ಒಂದು ದಿನದ ಮಾತಲ್ಲ. ಎಷ್ಟೋ ವಾರದಿಂದ ನೋಡುತ್ತಿದ್ದೆ, ಮ್ಯಾಚು ಹತ್ತಿರ ಇದೆ, ಹೇಳಿ ಯಾಕೆ ಕೆಡಿಸಲಿ ಅಂತ ಸುಮ್ಮನಿದ್ದೆ. ಆವತ್ತು ನನಗೆ ಸಿಟ್ಟು ಬಂದಿತ್ತು.

"ಇದೇನೇ ಇದು? ಎಡಕ್ಕೆ ಚೆಂಡು ಬರೋದೇ ಇಲ್ವಾ ನಿಂಗೆ?"

"ಬರುತ್ತೆ."

"ಮತ್ತೆ?"

"ನಿಂತ್ಕೊಂಡೇ ಕಾಲಲ್ಲಿ ತಡೀತೀನಿ."

"ಕಾಲಿಗೆ ಸಿಗದಿದ್ರೆ?"

ಅವಳು ಸುಮ್ಮನೆ ನಿಂತಳು. ಮಿಡತೆ ಸುಮ್ಮನೆ ನಿಂತದ್ದು ನಾನು ನೋಡಿಯೇ ಇರಲಿಲ್ಲ. ಆಮೇಲೆ ನನ್ನ ಎಡಗೈ ಹಿಡಿದು ಕಲ್ಲಿನ ಮೇಲಿಟ್ಟಳು. ಸೊಟ್ಟ ಬೆರಳನ್ನು ತೋರಿಸಿದಳು.

"ಇದು ಕಣತ್ತೆ. ಚಿಕ್ಕೋಳಿದ್ದಾಗಿಂದ ಈ ಬೆರಳು ನೋಡ್ತಿದ್ದೀನಿ. ನೀನು ತಟ್ಟೆಗೆ ಕೈ ಹಾಕಿದ್ರೂ ಕಾಣುತ್ತೆ, ನಂಗೆ ತಲೆ ಬಾಚಿದ್ರೂ ಕಾಣುತ್ತೆ. ಎಡಕ್ಕೆ ಬೀಳೋಣ ಅಂದ್ರೆ ಮೈ ಏಳೋದೇ ಇಲ್ಲ. ಕೋಚಿಗೆ ಇನ್ನೂ ಗೊತ್ತಾಗಿಲ್ಲ. ನಾಳೆ ನಮ್ಮೆದುರು ಆಡೋರಿಗೆ ಗೊತ್ತಾಗುತ್ತೆ. ಅವರು ಎಲ್ಲಾ ವಿಡಿಯೋ ನೋಡಿರ್ತಾರೆ. ನಾನೂ ನಿನ್ ಥರ ಹದಿನಾರು ಗೋಲು ಬಿಟ್ಟು, ಬೀದಿಯೋರ ಬಾಯಲ್ಲಿ ಹದಿನಾರು ಆಗ್ಬಿಟ್ರೆ ಏನತ್ತೆ ಮಾಡೋದು?"

ಅವರು ನನ್ನಿಂದ ಕಿತ್ತುಕೊಂಡದ್ದು ಹೆಸರು ಮಾತ್ರ ಅಂದುಕೊಂಡಿದ್ದೆ. ಈ ಮಗುವಿನ ಎಡಗಡೆಯನ್ನೂ ಕಿತ್ತುಕೊಂಡಿದ್ದರು. ನಾನು ಕಲಿಸಿದ್ದೆಲ್ಲ ಒಂದು ಕಡೆ, ಹೇಳದೆಯೇ ಕಲಿಸಿದ ಭಯ ಒಂದು ಕಡೆ.

ತಾಲೀಮಿನ ವಿಷಯ ಹೇಳಿದೆ. ಹದಿನೈದು ಅನ್ನುವ ಅಂಕಿ, ನಗುವ ಗೊಂಬೆಗಳು, ಬಲಕ್ಕೆ ಬೀಳಬೇಕಾದದ್ದು, ಎರಡನೇ ಕೀಪರಿನ ಮಾತು. ಎಲ್ಲ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಕೇಳಿಸಿಕೊಂಡಳು.

"ಅವರು ಹೊಡೆಯೋದು ಎಡಕ್ಕಾ?"

"ಎಡಕ್ಕೆ."

"ಹಂಗಾದ್ರೆ ನೀನೂ ಎಡಕ್ಕೇ ಬೀಳು ಅತ್ತೆ."

"ಹುಚ್ಚಿ. ನಿನ್ನ ಬೆಂಚಲ್ಲಿ ಕೂರಿಸ್ತಾರೆ."

"ಕೂರ್ಸಕ್ಕಾಗಲ್ಲ. ಹನ್ನೊಂದು ಜನರ ಹೆಸರು ಮ್ಯಾಚಿಗೆ ಮುಂಚೆನೇ ಹೊರದೇಶದ ಅಧಿಕಾರಿ ಕೈಗೆ ಕೊಟ್ಟಿರ್ತಾರೆ. ಆಮೇಲೆ ಗಾಯ ಆದ್ರೆ ಮಾತ್ರ ಬದಲಾಯಿಸ್ಬೋದು. ನಿನ್ನ ಪೆನಾಲ್ಟಿ ಅದಾದ್ಮೇಲೆ."

"ನಾಳೆ ಉಳಿದೆ ಅನ್ಕೋ. ನಾಳಿದ್ದು?"

"ನಾಳಿದ್ದಿನ ಮಾತು ನಾಳಿದ್ದು." ಅವಳು ಗ್ಲೌಸುಗಳನ್ನು ನನ್ನ ಕಡೆ ನೂಕಿದಳು. "ನಾನು ಆಟಗಾರ್ತಿಯರು ಮೈದಾನಕ್ಕೆ ಬರೋ ಸುರಂಗದ ಬಾಯಲ್ಲಿ ಸಾಲಲ್ಲಿ ನಿಂತಿರ್ತೀನಿ. ನಂಗೆ ಕಾಣುತ್ತೆ. ನೀನು ಬಿದ್ದು ಎದ್ದಿದ್ದು ನೋಡ್ಬೇಕು ನಾನು. ಬೆರಳು ನೋಡಿ ಸಾಕಾಗಿದೆ."

ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ಧಡ್ಡನೆ ಇಟ್ಟಳು. "ಮಗೂಗಿರೋ ಧೈರ್ಯ ಮುದಿಕತ್ತೆಗಿಲ್ಲ" ಅಂದಳು.

ಮರುದಿನ ಮಧ್ಯಾಹ್ನ ಕ್ರೀಡಾಂಗಣ ತುಂಬಿತು. ಶಾಲೆಗಳಿಂದ ಬಸ್ಸಿನಲ್ಲಿ ಹುಡುಗಿಯರನ್ನು ತುಂಬಿ ತಂದಿದ್ದರು. ಕಸ ಗುಡಿಸುವವರು, ಲಾಂಡ್ರಿಯವರು ಹಿಂದಿನ ಗೇಟಿನ ಹತ್ತಿರ ನಿಂತು ನೋಡಬಹುದು, ಕೂರುವಂತಿಲ್ಲ ಅಂತ ಅಪ್ಪಣೆಯಾಗಿತ್ತು. ನನಗೆ ಹೊಸ ಜರ್ಸಿ ಕೊಟ್ಟರು. ಬೆನ್ನಿನ ಮೇಲೆ ಹೆಸರಿರುವ ಜಾಗದಲ್ಲಿ ಜಾಹೀರಾತು. ಗ್ಲೌಸು ಕೊಟ್ಟರು, ಹಳದಿ ಬಣ್ಣದ್ದು, ತಮಾಷೆಗೆ ಮಾಡಿಸಿದ್ದು, ಒಂದೊಂದೂ ತಲೆದಿಂಬಿನಷ್ಟಿತ್ತು. ಬೇಡ ಸಾರ್, ಬರಿಗೈಯಲ್ಲೇ ನಿಲ್ಲುತ್ತೇನೆ ಅಂದೆ. ಹೇಗೂ ಹಿಡಿಯುವುದಿಲ್ಲವಲ್ಲ ಅಂತ ಅವರೂ ಬಿಟ್ಟರು.

ಮೈಕಿನವನು ನನ್ನನ್ನು ಕರೆದ ರೀತಿ ಇದು: "ಇದೀಗ ನಿಮ್ಮ ಮುಂದೆ, ಹದಿನಾಲ್ಕು ಗೋಲುಗಳ ರಾಣಿ!" ಜನ ನಕ್ಕರು. ನಾನು ಗೆರೆಯ ಮೇಲೆ ಹೋಗಿ ನಿಂತೆ. ಸುರಂಗದ ಬಾಯಲ್ಲಿ ಎರಡೂ ತಂಡಗಳು ಸಾಲಾಗಿ ನಿಂತಿದ್ದವು. ಮಿಡತೆ ಕತ್ತು ಚಾಚಿ ನೋಡುತ್ತಿದ್ದಳು.

ಅಧ್ಯಕ್ಷರು ಬಂದರು. ಸೂಟು, ಅದರ ಕೆಳಗೆ ಫಳಫಳ ಹೊಳೆಯುವ ಬೂಟು. ಎಲ್ಲ ಕಡೆಗೂ ಕೈ ಬೀಸಿದರು. ಚೆಂಡಿನ ಹಿಂದೆ ನಾಲ್ಕು ಹೆಜ್ಜೆ ಹೋಗಿ ನಿಂತರು. ನನ್ನ ಸೊಟ್ಟ ಬೆರಳಿಗೆ ಹಳೆಯ ನೋವು ನೆನಪಾಗಿ ಜುಮ್ಮೆನ್ನುತ್ತಿತ್ತು. ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಕೆಲಸ ಹೋಗುತ್ತದೆ. ಅತ್ತಿಗೆ ಮನೆ ಬಿಟ್ಟು ಹೋಗು ಅನ್ನಬಹುದು. ಬಿದ್ದರೆ ಬೆರಳು ಮತ್ತೆ ಮುರಿಯಬಹುದು, ಅದನ್ನು ಆ ಹುಡುಗಿ ನೋಡಬಹುದು.

ಅವರು ಓಡಿ ಬಂದು ಹೊಡೆದರು. ಎಡಕ್ಕೆ. ಅರವತ್ತು ದಾಟಿದ್ದರೂ ಹೊಡೆತ ಜೋರಾಗಿಯೇ ಇತ್ತು.

ನಾನು ಎಡಕ್ಕೆ ಬಿದ್ದೆ.

ಚೆಂಡು ಅಂಗೈಗೆ ಬಡಿಯಿತು. ಸೊಟ್ಟ ಬೆರಳಿನಿಂದ ಭುಜದವರೆಗೆ ಬೆಂಕಿ ಹರಿಯಿತು. ಬಿಡಲಿಲ್ಲ. ಎದೆಗೆ ಒತ್ತಿಕೊಂಡೆ. ಮುಖ ಹುಲ್ಲಿನೊಳಗೆ ಹೂತಿತ್ತು, ಬಾಯಲ್ಲಿ ಮಣ್ಣಿತ್ತು, ಚೆಂಡು ನನ್ನ ಹತ್ತಿರವಿತ್ತು.

ತಲೆ ಎತ್ತಿದರೆ ಸುತ್ತಲೂ ಬಾಣಬಿರುಸು. ಕೆಂಪು ಹೊಗೆ. ಡೋಲಿನ ಸದ್ದು. ಪರದೆಯವನು ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದ, ಅಧ್ಯಕ್ಷರ ಕಾಲು ಚೆಂಡಿಗೆ ತಾಗಿದೊಡನೆ ಒತ್ತಿಬಿಟ್ಟಿದ್ದ. ಪರದೆಯ ಮೇಲೆ ನಾಲ್ಕು ಉರುಳಿ ಐದು ಬಂದಿತ್ತು. ೧೫. ಗೊಂಬೆಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವು. ಅದರ ಕೆಳಗೆ ನಾನು, ಎದೆಗೆ ಚೆಂಡು ಅವಚಿಕೊಂಡು ಬಿದ್ದಿದ್ದೆ. ಇಡೀ ಕ್ರೀಡಾಂಗಣ ಎರಡನ್ನೂ ನೋಡಿತು. ದಾಖಲೆ ಅನ್ನುವುದು ಹೇಗೆ ಬರೆಯಲ್ಪಡುತ್ತದೆ ಅಂತ ಆವತ್ತು ಎಲ್ಲರ ಕಣ್ಣೆದುರೇ ಆಯಿತು.

ಶಾಲೆಯ ಹುಡುಗಿಯರ ಕಡೆಯಿಂದ ಯಾರೋ ಕೂಗಿದರು, "ಸುಳ್ಳು! ಹಿಡಿದಿದ್ದಾರೆ!"

ಕಾರ್ಯದರ್ಶಿ ಓಡಿ ಬಂದ. ಕ್ಯಾಮೆರಾ ಕಡೆಗೆ ನಗುಮುಖ, ನನ್ನ ಕಡೆಗೆ ಹಲ್ಲು ಕಡಿತ.

"ಏನೇ ಮಾಡ್ದೆ? ಚೆಂಡು ಕೊಡು ಇಲ್ಲಿ. ಇನ್ನೊಂದ್ಸಲ ಹೊಡೀತಾರೆ, ಬಲಕ್ಕೆ ಬೀಳು."

ನಾನು ಗೋಲಿನ ಗೆರೆಯ ಮೇಲೆ ಕಾಲು ಚಾಚಿ ಕೂತೆ. ಚೆಂಡನ್ನು ಮಡಿಲಲ್ಲಿಟ್ಟುಕೊಂಡೆ.

"ಅದನ್ನ ಅಳಿಸಿ" ಅಂದೆ.

"ಏನನ್ನ?"

"ಹದಿನೈದನ್ನ. ನಾನು ಬಿಟ್ಟಿಲ್ಲ."

"ತಮಾಷೆ ಅದು! ಏಳೇ ಮೇಲೆ. ಲೈವ್ ಹೋಗ್ತಿದೆ!"

"ಹೋಗ್ಲಿ. ಆವತ್ತು ಎರಡನೇ ಕೀಪರನ್ನ ಗಾಜಿನ ಆಚೆ ಬಿಟ್ಟು ನಿಮ್ಮ ಹೆಂಡ್ತೀನ ಕರ್ಕೊಂಡು ಹೋದ್ರಲ್ಲ, ಅದು ಲೈವ್ ಹೋಗ್ಲಿಲ್ಲ. ನನ್ನ ಬೆರಳು ಮುರಿದದ್ದು ಹೋಗ್ಲಿಲ್ಲ. ಇದಾದ್ರೂ ಹೋಗ್ಲಿ. ಹಿಡಿದದ್ದನ್ನ ಬಿಟ್ಟಿದ್ದು ಅಂತ ಬರೆದ್ರೆ ಈ ಚೆಂಡು ಇಲ್ಲಿಂದ ಏಳಲ್ಲ, ನಾನೂ ಏಳಲ್ಲ."

ಅವನು ಬಗ್ಗಿ ಚೆಂಡಿಗೆ ಕೈ ಹಾಕಿದ. ನಾನು ಮೈಯನ್ನೆಲ್ಲ ಅದರ ಮೇಲೆ ಬಾಗಿಸಿದೆ. ಕೀಪರಿನ ಕೈಯಿಂದ ಚೆಂಡು ಕಿತ್ತುಕೊಳ್ಳುವುದು ಸುಲಭವಲ್ಲ. ಎಳೆದ, ಜಗ್ಗಿದ, ಅವನ ಕನ್ನಡಕ ಹುಲ್ಲಿಗೆ ಬಿತ್ತು. ಮೇಲೆ ಶಾಲೆಯ ಹುಡುಗಿಯರು ಕಾಲು ಬಡಿಯತೊಡಗಿದರು. ಲಾಂಡ್ರಿಯಲ್ಲಿ ಸುಣ್ಣ ಉದುರುತ್ತಿರಬೇಕು ಅನ್ನಿಸಿತು. ಹೊರದೇಶದ ಅಧಿಕಾರಿಣಿ ಗೆರೆಯ ಹತ್ತಿರ ಬಂದು ಗಡಿಯಾರ ತೋರಿಸಿ ಏನೋ ಕೇಳಿದಳು. ಅಧ್ಯಕ್ಷರು ಹೊಳೆಯುವ ಬೂಟು ನೋಡಿಕೊಳ್ಳುತ್ತ ನಿಂತಿದ್ದರು.

ಪರದೆ ಫಕ್ಕನೆ ಆರಿತು. ಯಾರು ಹೇಳಿದರೋ, ಪರದೆಯವನೇ ನಾಚಿ ಆರಿಸಿದನೋ. ಅಂಕಿಯೂ ಇಲ್ಲ, ಗೊಂಬೆಯೂ ಇಲ್ಲ, ಬಲೆಯೊಳಗೆ ಬಗ್ಗಿದ ಹುಡುಗಿಯೂ ಇಲ್ಲ. ಬರೀ ಕತ್ತಲು.

ಆಗ ಹಿಂದಿನ ಗೇಟಿನ ಕಡೆಯಿಂದ ಒಂದು ಒರಟು ಗಂಟಲು ಕೇಳಿಸಿತು. ಇಸ್ತ್ರಿ ಅಕ್ಕನದು.

"ಒಂದೂ!"

ಅವಳ ಹಿಂದೆ ಕಸ ಗುಡಿಸುವವರು. "ಒಂದೂ!" ಆಮೇಲೆ ಶಾಲೆಯ ಹುಡುಗಿಯರು, ಯಾವುದರ ಲೆಕ್ಕ ಅಂತ ಪೂರ್ತಿ ತಿಳಿಯದಿದ್ದರೂ, ಗಂಟಲು ಕಿತ್ತುಹೋಗುವ ಹಾಗೆ, "ಒಂದೂ! ಒಂದೂ!" ನನ್ನ ಜನ್ಮದಲ್ಲಿ ನಾನು ಹಿಡಿದದ್ದನ್ನು ಯಾರಾದರೂ ಎಣಿಸಿದ್ದು ಅದೇ ಮೊದಲು. ಅತ್ತುಬಿಟ್ಟೆ. ಅಳುತ್ತಲೇ ಎದ್ದೆ. ಚೆಂಡನ್ನು ಅಧ್ಯಕ್ಷರ ಕಾಲ ಬಳಿಗೆ ಉರುಳಿಸಿದೆ.

"ಹೊಡೀರಿ ಸಾರ್, ಇನ್ನೊಂದು. ಈ ಸಲ ನಿಮಗೆ ಇಷ್ಟ ಬಂದ ಕಡೆ."

ಅವರು ಚೆಂಡು ನೋಡಿದರು. ನನ್ನ ಕೈ ನೋಡಿದರು. ಗಡಿಯಾರ ನೋಡುವವರ ಹಾಗೆ ಮಾಡಿ, ಸೂಟು ಸರಿಮಾಡಿಕೊಂಡು, ಹಿಂದಿರುಗಿ ನಡೆದರು. ಸುರಂಗದ ಬಾಯಲ್ಲಿ ಮಿಡತೆ ತನ್ನ ಎಡಗೈ ಎತ್ತಿ ಐದೂ ಬೆರಳು ಅಗಲಿಸಿ ಹಿಡಿದಿದ್ದಳು.

ಮ್ಯಾಚು ನೋಡಲು ನನ್ನನ್ನು ಬಿಡಲಿಲ್ಲ. ಇಬ್ಬರು ಕಾವಲಿನವರು ತೋಳು ಹಿಡಿದು ಹಿಂದಿನ ಗೇಟಿನಿಂದ ಹೊರಗೆ ಹಾಕಿದರು. ಲಾಂಡ್ರಿಗೆ ಮತ್ತೆ ಕಾಲಿಡಬೇಡ ಅಂದರು. ನನ್ನ ಊಟದ ಡಬ್ಬಿ ಒಳಗೇ ಉಳಿಯಿತು. ಬೀದಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತೆ. ಟೀ ಅಂಗಡಿಯ ಟಿವಿಗೆ ಹೋಗಲಿಲ್ಲ. ಗೋಡೆಯ ಆಚೆಯಿಂದ ಸದ್ದು ಏಳುತ್ತಿತ್ತು, ಬೀಳುತ್ತಿತ್ತು. ಗೋಲಿನ ಸದ್ದು ನನಗೆ ಗೊತ್ತು, ಅದು ಒಮ್ಮೆ ಮಾತ್ರ ಬಂತು. ಉಳಿದದ್ದೆಲ್ಲ ಬೇರೆ ಸದ್ದು, ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟ ಹಾಗೆ.

ಒಂದು–ಸೊನ್ನೆ. ನಮ್ಮ ಹುಡುಗಿಯರು ಸೋತರು. ಸಂಜೆ ಅತ್ತಿಗೆ ನನ್ನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು. "ಇದ್ದ ಕೆಲಸಾನೂ ಕಳ್ಕೊಂಡ್ಯಲ್ಲ, ಮಹಾರಾಣಿ." ಬೈಯಲಿ ಅಂತ ಕಾದೆ. ಅವಳು ನನ್ನ ಎಡಗೈ ಎಳೆದುಕೊಂಡು ಊದಿದ ಬೆರಳಿಗೆ ಬಿಸಿನೀರಿನ ಬಟ್ಟೆ ಸುತ್ತಿದಳು. ಮುಖ ಗಂಟಿಕ್ಕಿಕೊಂಡೇ ಸುತ್ತಿದಳು.

ಆಮೇಲೆ ಮಿಡತೆ ಬಂದಳು. ಮುಂದಿನ ಮ್ಯಾಚಿಗೆ ಇಳಿಸುವುದು ಅನುಮಾನ ಅಂತ ಕೋಚು ಕಿವಿಯಲ್ಲಿ ಹೇಳಿದ್ದರಂತೆ. ಅದನ್ನು ಹೇಳಿ, ತಟ್ಟೆ ಹಾಕಿಕೊಂಡು ಉಣ್ಣತೊಡಗಿದಳು. ಅರ್ಧ ಊಟದಲ್ಲಿ ಎದ್ದು ಚೀಲ ತೆರೆದಳು. ಜರ್ಸಿಯನ್ನು ಲಾಂಡ್ರಿಗೆ ಕೊಟ್ಟಿರಲಿಲ್ಲ, ಕದ್ದು ತಂದಿದ್ದಳು. ನನ್ನ ಮಡಿಲಿಗೆ ಎಸೆದಳು.

ಬಿಡಿಸಿ ನೋಡಿದೆ. ಬಲಗಡೆ ಹಸಿರು. ಎಡಗಡೆ ಭುಜ ಹರಿದಿತ್ತು, ಪಕ್ಕೆಯವರೆಗೆ ಮಣ್ಣು ಮೆತ್ತಿತ್ತು, ಮೊಣಕೈ ಹತ್ತಿರ ಒಂದಿಷ್ಟು ರಕ್ತ ಒಣಗಿತ್ತು. ಎಡಗಡೆಯೇ ಹೆಚ್ಚು ಕೊಳೆಯಾಗಿತ್ತು.

"ತಣ್ಣೀರಲ್ಲಿ ನೆನೆಸ್ತೀಯಾ?" ಅಂತ ಕೇಳಿದಳು ಅತ್ತಿಗೆ.

ಇಷ್ಟು ವರ್ಷ ಊರಿನವರದ್ದೆಲ್ಲ ಒಗೆದಿದ್ದೇನೆ. ಬೆವರು, ಮಣ್ಣು, ರಕ್ತ, ಬಂದದ್ದೆಲ್ಲ ಒಗೆದು, ಏನೂ ಆಗಿಲ್ಲ ಅನ್ನುವ ಹಾಗೆ ಮಡಿಸಿ ಕೊಟ್ಟಿದ್ದೇನೆ.

"ಇದನ್ನ ಒಗೆಯೋದಿಲ್ಲ" ಅಂದೆ. ಬಾಗಿಲಿನ ಎದುರಿನ ಮೊಳೆಗೆ, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ, ಎಡಗಡೆ ಹೊರಗೆ ಮಾಡಿ ತೂಗುಹಾಕಿದೆ.